ಪೇಡೆಯ ಪೆಟ್ಟಿಗೆಯಷ್ಟು ಕಂಪ್ಯೂಟರು

ಪ್ರಶ್ನೆ: ಹದಿನಾರು ವರ್ಷಗಳಿಂದ ಮನೆಯಲ್ಲೇ ಡಿಟಿಪಿ ಕೆಲಸ ಮಾಡುತ್ತಿದ್ದೇನೆ. ಮದುವೆ, ಉಪನಯನದ ಆಮಂತ್ರಣ ಪತ್ರಿಕೆ, ಎರಡು ಸಂಘಗಳ ವಾರ್ಷಿಕ ವರದಿ, ಯಕ್ಷಗಾನದ ಕರಪತ್ರ, ಹೀಗೆ. ಎಲ್ಲವೂ ಪುಟ ಜೋಡಿಸುವ ಪೇಜ್‌ಮೇಕರ್ ಮತ್ತು ಕನ್ನಡ ಟೈಪಿಸುವ ನುಡಿ ತಂತ್ರಾಂಶದಲ್ಲಿ. ಕೆಲವು ಮರಾಠಿ ಕೆಲಸ ಶ್ರೀಲಿಪಿ ಎಂಬ ಇನ್ನೊಂದು ಲಿಪಿ ತಂತ್ರಾಂಶದಲ್ಲಿ. ಈ ಮಳೆಗಾಲದಲ್ಲಿ ಹಳೆಯ ಸಿಪಿಯು ಕೈಕೊಟ್ಟಿತು. ಅದಿದ್ದ ಮೂಲೆ ಖಾಲಿಯಾದದ್ದೇ ತಡ, ಅತ್ತೆಯವರು ಅಲ್ಲಿ ಹೊಲಿಗೆ ಯಂತ್ರ ಇಡುವ ಮಾತೆತ್ತಿದ್ದಾರೆ. ಆ್ಯಪಲ್ ಕಂಪನಿಯ ಅಂಗೈಯಗಲದ ಹೊಸ ಮ್ಯಾಕ್ ಮಿನಿ ಕಂಪ್ಯೂಟರ್ ಕೊಂಡರೆ ಜಾಗದ ಜಗಳವೇ ಇರದು ಎನ್ನುತ್ತಾನೆ ಮಗ. ಕೊಳ್ಳಬಹುದೇ?
— ಓದುಗರು, ಡೊಂಬಿವಲಿ ಪೂರ್ವ

ಉತ್ತರ: ಅಕ್ಕಾ, ಹೊಲಿಗೆ ಯಂತ್ರದ ವಿಷಯದಲ್ಲಿ ನಾನು ಅತ್ತೆಯವರ ಪಕ್ಷ. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಇಪ್ಪತ್ತೇಳು ವರ್ಷ ಕಂಪ್ಯೂಟರ್ ದುರಸ್ತಿ ಮಾಡಿದವನು ನಾನು. ಮುಂಬೈಯ ಮನೆಗಳಲ್ಲಿ ಸಿಪಿಯು ಎಂಬ ಆ ಕಬ್ಬಿಣದ ಡಬ್ಬ ಎಲ್ಲೆಲ್ಲಿ ಇರುತ್ತಿತ್ತು ಎಂದು ಬಲ್ಲೆ. ಮಂಚದ ಕೆಳಗೆ, ಅಕ್ಕಿ ಡಬ್ಬಿಯ ಪಕ್ಕ, ಒಮ್ಮೆ ದೇವರ ಗೂಡಿನ ಅಡಿಯಲ್ಲಿ. ಅದನ್ನು ಬಿಚ್ಚಿದಾಗ ಫ್ಯಾನಿನ ರೆಕ್ಕೆಗಳಿಗೆ ಧೂಳು, ಊದುಬತ್ತಿಯ ಬೂದಿ, ಎಣ್ಣೆ ಮೂರೂ ಸೇರಿ ಕಂಬಳಿಯಂತೆ ಅಂಟಿಕೊಂಡಿತ್ತು.

ಈಗ ಮಗ ಹೇಳಿದ ಯಂತ್ರ. ಅದನ್ನು ನಾನು ನೋಡಿದ್ದು ಅಣ್ಣನ ಮಗನ ಮನೆಯಲ್ಲಿ. ಉದ್ದಗಲ ಐದೈದು ಇಂಚು, ಎತ್ತರ ಎರಡು ಇಂಚು, ತೂಕ ಮುಕ್ಕಾಲು ಕಿಲೋಗಿಂತ ಕಡಿಮೆ. ಅರ್ಧ ಕಿಲೋ ಪೇಡೆ ಕಟ್ಟಿಕೊಡುವ ಪೆಟ್ಟಿಗೆಯ ಹಾಗಿದೆ. 2005ರಲ್ಲಿ ಮೊದಲ ಮ್ಯಾಕ್ ಮಿನಿ ಬಂದಾಗ ಅದು ಆರೂವರೆ ಇಂಚು ಅಗಲವಿತ್ತು. ಆಗಲೇ ನಮ್ಮ ಅಂಗಡಿಯ ಹುಡುಗರು ‘ಟಿಫಿನ್’ ಎಂದು ಹೆಸರಿಟ್ಟಿದ್ದರು. 2024ರ ಅಕ್ಟೋಬರ್ ಕೊನೆಯಲ್ಲಿ ಪ್ರಕಟವಾದ, ಆ್ಯಪಲ್‌ನದೇ ಎಂ4 ಪ್ರೊಸೆಸರ್ ಇರುವ ಈ ಮಾದರಿಗೆ ಬಿಡುಗಡೆಯ ಹೊತ್ತಿಗೆ ಬೆಲೆ 59,900 ರೂಪಾಯಿ. 16 ಜಿಬಿ ಮೆಮೊರಿ, 256 ಜಿಬಿ ಸಂಗ್ರಹ. ಕಿವಿ ಹತ್ತಿರ ಹಿಡಿದರೂ ಸದ್ದಿಲ್ಲ. ಸುಮ್ಮನಿದ್ದಾಗ ನಾಲ್ಕು ವಾಟ್, ಎಷ್ಟೇ ದುಡಿದರೂ ಅರವತ್ತೈದು ವಾಟ್. ಕರೆಂಟು ಹೋದಾಗ ನಿಮ್ಮ ಹಳೆಯ ಯುಪಿಎಸ್ ಸಿಪಿಯುವನ್ನು ಎಷ್ಟು ಹೊತ್ತು ಎಳೆಯುತ್ತಿತ್ತೋ ಅದರ ಎಷ್ಟೋ ಪಟ್ಟು ಹೊತ್ತು ಇದನ್ನು ಎಳೆದೀತು. ವೇಗದ ಮಾತು ಬೇಡ, ನಿಮ್ಮ ಕೆಲಸಕ್ಕೆ ಅದು ಅತಿಯೇ ಆಯಿತು.

ಇಷ್ಟು ಹೊಗಳಿದ ಮೇಲೆ ನನ್ನ ಕೈ ಜೇಬಿನಲ್ಲಿದ್ದ ಸ್ಕ್ರೂಡ್ರೈವರ್‌ಗೆ ಹೋಯಿತು. ತಿರುಗಿಸಿ ಮುರುಗಿಸಿ ನೋಡಿದರೂ ಹೊರಗೆ ಒಂದು ಸ್ಕ್ರೂ ಕಾಣಲಿಲ್ಲ. ಚಾಲೂ ಮಾಡುವ ಗುಂಡಿಯೂ ಎದುರಿಗಿಲ್ಲ. ಹಿಂದಿನ ಮೂಲೆಯಲ್ಲಿ ಹೊಟ್ಟೆಯ ಕೆಳಗಿದೆ, ಪೆಟ್ಟಿಗೆಯನ್ನು ಕೊಂಚ ಎತ್ತಿ ಬೆರಳು ತೂರಿಸಬೇಕು. ಅದಿರಲಿ, ದಿನಾ ಆರಿಸುವ ಅಗತ್ಯವಿಲ್ಲ. ನನ್ನ ತಕರಾರು ಬೇರೆ. ಮೆಮೊರಿ ಪ್ರೊಸೆಸರಿನ ಜೊತೆಗೇ ಕೂತಿರುವುದರಿಂದ ಕೊಂಡ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ. ‘ಒಂದು ಸ್ಟಿಕ್ ಹಾಕಿಕೊಡಿ ಶೆಟ್ರೇ’ ಎಂದು ಬರುತ್ತಿದ್ದ ಗಿರಾಕಿಗಳಿಂದಲೇ ನನ್ನ ಮಕ್ಕಳ ಶಾಲೆಯ ಫೀಸು ಸಂದಾಯವಾದದ್ದು, ಆ ಕಾಲ ಈ ಪೆಟ್ಟಿಗೆಯಲ್ಲಿ ಇಲ್ಲ. ಸಂಗ್ರಹವನ್ನು 256ರಿಂದ 512 ಮಾಡಿಸಿಕೊಳ್ಳಲು ಬಿಡುಗಡೆಯಾದಾಗ ಕೇಳಿದ್ದು ಇನ್ನೂ 20,000 ರೂಪಾಯಿ! ಅದಕ್ಕಿಂತ ಹೊರಗೆ ಒಂದು ಎಸ್‌ಎಸ್‌ಡಿ ಸಿಕ್ಕಿಸಿಕೊಳ್ಳುವುದು ಬುದ್ಧಿವಂತಿಕೆ.

ಪೆಟ್ಟಿಗೆಯೊಳಗೆ ಕೀಲಿಮಣೆ, ಮೌಸ್, ಪರದೆ ಏನೂ ಬರುವುದಿಲ್ಲ. ನಿಮ್ಮ ಬಳಿ ಇವೆಯಲ್ಲ ಎನ್ನುತ್ತೀರಿ. ಆದರೆ ಹಳೆಯ ಚಪ್ಪಟೆ ಯುಎಸ್‌ಬಿ ತೂತು ಈ ಯಂತ್ರಕ್ಕೆ ಒಂದೂ ಇಲ್ಲ. ಮುಂದೆ ಎರಡು, ಹಿಂದೆ ಮೂರು, ಐದೂ ಸಿ ಬಗೆಯವು. ಕೀಲಿಮಣೆಗೆ, ಪ್ರಿಂಟರಿಗೆ, ಪೆನ್‌ಡ್ರೈವಿಗೆ ಹಬ್ ಬೇಕು. ಪರದೆ ನೀಲಿ ತಲೆಯ ವಿಜಿಎ ತಂತಿಯದಾದರೆ ಅದಕ್ಕೊಂದು ಪರಿವರ್ತಕ. ಇನ್ನೊಂದು ಮಾತನ್ನು ಅಂಗಡಿಯವರು ಹೇಳುವುದಿಲ್ಲ: ಸಾಧಾರಣ ಫುಲ್ ಎಚ್‌ಡಿ ಪರದೆಯಲ್ಲಿ ಮ್ಯಾಕ್‌ನ ಸಣ್ಣ ಅಕ್ಷರಗಳು ಸ್ವಲ್ಪ ಮಬ್ಬಾಗಿ ಕಾಣುತ್ತವೆ. ಇಂಗ್ಲಿಷ್ ಓದುವವರಿಗೆ ಅದು ಗಮನಕ್ಕೂ ಬಾರದು. ‘ರಾಷ್ಟ್ರ’ದ ಒತ್ತುಗಳನ್ನು ಒಂಬತ್ತು ಪಾಯಿಂಟಿನಲ್ಲಿ ಕರಡು ತಿದ್ದುವ ನಿಮಗೆ ಸಂಜೆಯೊಳಗೆ ತಲೆನೋವು ಬಂದೀತು. ಒಳ್ಳೆಯ 4ಕೆ ಪರದೆ ಬೇಕಾಗುತ್ತದೆ, ಅಂದರೆ ಮತ್ತೆ ಖರ್ಚು.

ಇದನ್ನೆಲ್ಲ ದುಡ್ಡಿದ್ದರೆ ದಾಟಬಹುದು. ನಿಮ್ಮ ಹದಿನಾರು ವರ್ಷದ ಕಡತಗಳನ್ನು ಏನು ಮಾಡುತ್ತೀರಿ? ಪೇಜ್‌ಮೇಕರ್ 1985ರಲ್ಲಿ ಹುಟ್ಟಿದ್ದೇ ಮ್ಯಾಕ್‌ನಲ್ಲಿ. ಆದರೆ ಅದರ ಕೊನೆಯ ಆವೃತ್ತಿ 7, ಬಂದದ್ದು 2001ರಲ್ಲಿ. ಇಂದಿನ ಮ್ಯಾಕ್‌ನಲ್ಲಿ ಅದು ಅಲುಗಾಡದು, ತವರಿನಲ್ಲೇ ಪ್ರವೇಶವಿಲ್ಲ. ಪುಟ ಜೋಡಿಸುವ ಇನ್ನೊಂದು ತಂತ್ರಾಂಶ ಇನ್‌ಡಿಸೈನ್ ಹಾಕಿಕೊಳ್ಳೋಣ ಎಂದರೆ ಸಿಎಸ್6ರ ನಂತರದ ಆವೃತ್ತಿಗಳು ಪೇಜ್‌ಮೇಕರ್ ಕಡತಗಳನ್ನು ತೆರೆಯುವುದಿಲ್ಲ. ಹಳೆಯ ಮ್ಯಾಕ್‌ಗಳಲ್ಲಿ ಪಕ್ಕದಲ್ಲೇ ವಿಂಡೋಸ್ ಹಾಕಿಕೊಳ್ಳುವ ಬೂಟ್ ಕ್ಯಾಂಪ್ ಇತ್ತು, ಎಂ ಸರಣಿಯ ಪ್ರೊಸೆಸರ್ ಇರುವ ಮ್ಯಾಕ್‌ಗಳಲ್ಲಿ ಅದೂ ಇಲ್ಲ. ಹೇಗೋ ಪಠ್ಯವನ್ನಷ್ಟೇ ಎಳೆದು ತಂದಿರಿ ಎನ್ನೋಣ. ರೋಮನ್ ಅಕ್ಷರಗಳ ಜಾಗದಲ್ಲೇ ಕನ್ನಡ ಕೂರಿಸಿದ ನುಡಿಯ ಹಳೆಯ ಆಸ್ಕಿ ಫಾಂಟ್ ಇಲ್ಲದ ಯಂತ್ರದಲ್ಲಿ ‘ಶ್ರೀ’ ಇರಬೇಕಾದ ಕಡೆ ಒಂದು ಪುಟಾಣಿ ಎರಡರ ಅಂಕಿ, ಪಕ್ಕದಲ್ಲಿ ಅಂಟಿಕೊಂಡ ಎರಡು ರೋಮನ್ ಅಕ್ಷರ, ಅದರಾಚೆ ತಲೆಯ ಮೇಲೆ ಅಲೆ ಹೊತ್ತ ಇನ್ನೊಂದು ಅಕ್ಷರ ಕಾಣುತ್ತದೆ. ಇಡೀ ಲಗ್ನಪತ್ರಿಕೆ ಹೀಗೆ. ಇಂದಿನ ಎಲ್ಲ ಯಂತ್ರಗಳೂ ಓದುವ ಯುನಿಕೋಡಿಗೆ ಬದಲಾಯಿಸುವ ತಂತ್ರಾಂಶಗಳಿವೆ, ಆದರೆ ಅರ್ಕಾವತ್ತು ಎಲ್ಲಿ ಹಾರಿತು ಎಂದು ಪ್ರತಿ ಸಾಲನ್ನೂ ನೀವೇ ಕಣ್ಣಿಟ್ಟು ನೋಡಬೇಕು. ಮ್ಯಾಕ್‌ನಲ್ಲಿ ಕನ್ನಡದ ಕೀಲಿಮಣೆ ಮೊದಲೇ ಇದೆ, ನಿಜ. ನುಡಿಯಲ್ಲಿ ನಿಮ್ಮ ಬೆರಳುಗಳು ಕಲಿತದ್ದು ಮಾತ್ರ ಕೆ.ಪಿ. ರಾಯರು ರೂಪಿಸಿದ ಕೀಲಿ ವಿನ್ಯಾಸ, ಅದನ್ನು ಬೇರೆಯಾಗಿ ಹಾಕಿಕೊಳ್ಳಬೇಕು. (ರಾಯರು ಇದೇ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು. ಕೊಲಾಬಾ ಕಡೆ ಹೋದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.)

ಹಾಗಾಗಿ ನನ್ನ ಸಲಹೆ: ಪುಟ್ಟ ಪೆಟ್ಟಿಗೆಯನ್ನೇ ಕೊಳ್ಳಿ, ಆದರೆ ವಿಂಡೋಸ್ 11 ಇರುವುದನ್ನು. ಇಂಟೆಲ್‌ನ ‘ನಕ್’ ಎಂಬ ಪುಟ್ಟ ಯಂತ್ರದಿಂದ ಈ ಜಾತಿ ಹೆಸರಾಯಿತು. 2023ರಲ್ಲಿ ಇಂಟೆಲ್ ಕೈಬಿಟ್ಟಿತು, ಏಸುಸ್ ಎತ್ತಿಕೊಂಡಿತು. ಬೇರೆ ಕಂಪನಿಗಳದ್ದೂ ಇವೆ. ಒಳಗಿರುವುದು ಲ್ಯಾಪ್‌ಟಾಪಿನ ಪ್ರೊಸೆಸರ್, ಆದ್ದರಿಂದ ಮ್ಯಾಕ್‌ನಷ್ಟು ಚುರುಕಲ್ಲ, ಫ್ಯಾನಿನ ಗುಂಯ್‌ಗುಡುವಿಕೆಯೂ ಇದ್ದೀತು. ಕೊಳ್ಳುವಾಗ ಮೆಮೊರಿ ಬೆಸುಗೆ ಹಾಕಿದ್ದೋ, ಸ್ಲಾಟಿನಲ್ಲಿ ಕೂರಿಸಿದ್ದೋ ಕೇಳಿ. ಸ್ಲಾಟ್ ಎರಡಿರಬೇಕು. ದುಡ್ಡು ಎಣಿಸುವ ಮೊದಲು ನಿಮ್ಮ ಪೇಜ್‌ಮೇಕರ್ ಸಿ.ಡಿ.ಯನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು, ಶ್ರೀಲಿಪಿ ತೆರೆಯಲು ಸಿಕ್ಕಿಸುವ ಬೀಗದಕೈಯಂಥ ಡಾಂಗಲ್ ಮತ್ತು ಒಂದು ಹಳೆಯ ಲಗ್ನಪತ್ರಿಕೆಯ ಕಡತದ ಜೊತೆ ಅಂಗಡಿಗೆ ಹೋಗಿ ಅಲ್ಲೇ ತೆರೆದು ತೋರಿಸಲು ಹೇಳಿ. ಮುಖ ಸಿಂಡರಿಸಿದರೆ ಪಕ್ಕದ ಅಂಗಡಿಗೆ ನಡೆಯಿರಿ, ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕೆ ಅಂಗಡಿಗಳಿಗೇನು ಬರ.

ಸತ್ತ ಸಿಪಿಯುವನ್ನು ಗುಜರಿಯವನಿಗೆ ಕೊಟ್ಟಿಲ್ಲ ತಾನೆ? ಕೊಡಬೇಡಿ. ಹಾರ್ಡ್ ಡಿಸ್ಕ್ ಬಿಚ್ಚಿಸಿ, ಒಂದು ಯುಎಸ್‌ಬಿ ಕವಚದಲ್ಲಿ ಹಾಕಿಸಿ, ಇಂದೇ ಎರಡು ಪ್ರತಿ ಮಾಡಿಟ್ಟುಕೊಳ್ಳಿ. ಯಂತ್ರ ಮುಂದಿನ ತಿಂಗಳು ಬಂದರೂ ನಡೆಯುತ್ತದೆ.

ಪ್ರಶ್ನೆ: ಪುಣೆಯ ಕೋಥ್ರೂಡ್‌ನಲ್ಲಿ ಪಿಜಿಯಲ್ಲಿದ್ದೇನೆ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಎರಡನೇ ವರ್ಷ. ವಿದ್ಯಾರ್ಥಿಗಳಿಗೆ ಮ್ಯಾಕ್ ಮಿನಿ ಹತ್ತು ಸಾವಿರ ಕಡಿಮೆಗೆ ಸಿಗುತ್ತದಂತೆ. ಲ್ಯಾಪ್‌ಟಾಪ್ ಬದಲು ಅದನ್ನೇ ಕೊಂಡರೆ ಹೇಗೆ?
— ವಿದ್ಯಾರ್ಥಿ, ಪುಣೆ

ಉತ್ತರ: ಬಿಡುಗಡೆಯಾದಾಗ ವಿದ್ಯಾರ್ಥಿ ದರ 49,900 ಇದ್ದದ್ದು ಹೌದು ತಮ್ಮಾ. ಆದರೆ ನಿನ್ನ ಕಾಲೇಜಿನಲ್ಲಿ ಯಂತ್ರಭಾಗಗಳ ವಿನ್ಯಾಸ ಬಿಡಿಸುವ ಸಾಲಿಡ್‌ವರ್ಕ್ಸ್ ತಂತ್ರಾಂಶ ಕಲಿಸುತ್ತಾರಲ್ಲವೇ? ಅದಕ್ಕೆ ಮ್ಯಾಕ್ ಆವೃತ್ತಿಯೇ ಇಲ್ಲ. ಮತ್ತೆ, ಪಿಜಿ ಬಿಡುವ ದಿನವನ್ನು ಕಣ್ಣ ಮುಂದೆ ತಂದುಕೊ. ಪೆಟ್ಟಿಗೆ ಚೀಲದಲ್ಲಿ ಸೇರುತ್ತದೆ, ಇಪ್ಪತ್ತೇಳು ಇಂಚಿನ ಪರದೆಯನ್ನು ರಿಕ್ಷಾದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋಗುವವನು ನೀನೇ. ಲ್ಯಾಪ್‌ಟಾಪ್ ತೆಗೆದುಕೋ. ಉಳಿದರೆ ಆ ದುಡ್ಡಿನಲ್ಲಿ ಊರಿಗೆ ಹೋಗಿ ಬಾ.

ಪ್ರಶ್ನೆ: ವಾಸ್ಕೋದಲ್ಲಿ ನಮ್ಮದು ಸಣ್ಣ ಹೋಟೆಲು. ಗಲ್ಲಾದ ಕೆಳಗೆ ಬಿಲ್ಲಿಂಗಿಗೆ ಇಟ್ಟ ಮಿನಿ ಕಂಪ್ಯೂಟರು ಮಧ್ಯಾಹ್ನ ಊಟದ ಹೊತ್ತಿಗೆ ತಾನೇ ಆರಿಹೋಗುತ್ತದೆ.
— ಓದುಗರು, ಗೋವಾ

ಉತ್ತರ: ಹಿಂದೆ ಫೋರ್ಟಿನ ಹೋಟೆಲೊಂದರಲ್ಲಿ ಹಗಲು ಟೇಬಲ್ ಒರೆಸಿ, ರಾತ್ರಿ ಕನ್ನಡ ರಾತ್ರಿಶಾಲೆಗೆ ಹೋದವನು ನಾನು, ಗಲ್ಲಾದ ಕೆಳಗೆ ಏನೇನು ತುರುಕಿರುತ್ತಾರೆಂದು ಗೊತ್ತು. ಬಿಲ್ ಪುಸ್ತಕ, ಒರೆಸುವ ಬಟ್ಟೆ, ಚಿಲ್ಲರೆಯ ಚೀಲ ಎಲ್ಲ ಗಾಳಿಯ ಕಿಂಡಿಗೆ ಒರಗಿಕೊಂಡಿರುತ್ತವೆ. ಪುಟ್ಟ ಯಂತ್ರದ ಒಳಗೆ ಬಿಸಿಗೆ ಜಾಗ ಕಡಿಮೆ, ಉಸಿರು ಕಟ್ಟಿದರೆ ತನ್ನನ್ನು ಉಳಿಸಿಕೊಳ್ಳಲು ಆರಿಹೋಗುತ್ತದೆ. ಪರದೆಯ ಬೆನ್ನಿಗೆ ಸ್ಕ್ರೂ ಹಾಕಿ ಕೂರಿಸುವ ಪಟ್ಟಿಯನ್ನು ಯಂತ್ರದ ಜೊತೆಗೇ ಕೊಟ್ಟಿರಬೇಕು, ಡಬ್ಬದಲ್ಲಿ ಹುಡುಕಿ. ಮೇಲೆ ಏರಿಸಿ, ಫ್ಯಾನಿನ ಎಣ್ಣೆಧೂಳು ತೆಗೆಸಿ. ಮತ್ತೂ ಆರಿದರೆ ಅಡಾಪ್ಟರ್ ಮುಟ್ಟಿ ನೋಡಿ ನನಗೆ ಬರೆಯಿರಿ.