ಊರವರಿಗೊಂದು ದರ, ಪ್ರವಾಸಿಗೊಂದು ದರ?

ಪ್ರಶ್ನೆ: ಅಕ್ಕ, ಅಪ್ಪ ತೀರಿಕೊಂಡ ಮೇಲೆ ಮೈಸೂರು ಅರಮನೆ ಹತ್ತಿರ ಅವರ ಚುರುಮುರಿ ಗಾಡಿಯನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಊರಿನವರಿಗೆ 30 ರೂಪಾಯಿ, ಹೊರಗಿನವರಿಗೆ 50 ಹೇಳುತ್ತೇನೆ. ಹೋದ ಭಾನುವಾರ ಕೇರಳದ ಒಂದು ಕುಟುಂಬ, ಪಕ್ಕದಲ್ಲಿದ್ದವರು 30 ಕೊಟ್ಟದ್ದನ್ನು ನೋಡಿ ಪೊಟ್ಟಣ ಅಲ್ಲೇ ಇಟ್ಟು ಹೊರಟುಬಿಟ್ಟಿತು. ಅವತ್ತಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ನಾನು ಮಾಡುತ್ತಿರುವುದು ತಪ್ಪಾ?
– ಓದುಗ, ಮೈಸೂರು

ಉತ್ತರ: ತಪ್ಪೇ ತಮ್ಮ. ಚಾಮುಂಡಿ ಬೆಟ್ಟದ ಮೇಲೆ 18 ವರ್ಷ ಚುರುಮುರಿ ಮಾರಿದವಳು ನಾನು. ಮೊದಲೆರಡು ವರ್ಷ ನಾನೂ ಮುಖ ನೋಡಿ ರೇಟು ಹೇಳುತ್ತಿದ್ದೆ. ಹೇಗೂ ಇವರು ಮತ್ತೆ ಬರುವವರಲ್ಲ ಅನ್ನುವ ಲೆಕ್ಕ. ಒಂದು ದಿನ ಟೆಂಪೋ ಟ್ರಾವೆಲರ್ ಡ್ರೈವರ್ ಒಬ್ಬರು ಬಂದು, 'ಅಕ್ಕ, ನೀವು ಜಾಸ್ತಿ ತಗೊಂಡರೆ ದಾರಿಯುದ್ದಕ್ಕೂ ಬೈಸಿಕೊಳ್ಳೋನು ನಾನು' ಅಂದರು. ಆಗ ಕಣ್ಣು ತೆರೆಯಿತು. ಪ್ರವಾಸಿ ಮತ್ತೆ ಬರಲಿಕ್ಕಿಲ್ಲ, ಅವರನ್ನು ಕರೆತರುವ ಡ್ರೈವರ್ ಪ್ರತಿ ವಾರ ಬರುತ್ತಾನೆ. ಮಾರನೇ ದಿನವೇ ಮಗನ ಸ್ಲೇಟಿನಲ್ಲಿ ದರ ಬರೆದು ಗಾಡಿಗೆ ತೂಗುಹಾಕಿದೆ. ಆಮೇಲೆ ಆ ಡ್ರೈವರ್ ತನ್ನ ಗಾಡಿಯವರನ್ನೆಲ್ಲ ನನ್ನ ಹತ್ತಿರವೇ ಕಳಿಸುತ್ತಿದ್ದರು.

ನೀನೂ ಬೋರ್ಡು ಹಾಕು. ಕನ್ನಡದ ಕೆಳಗೆ ಮಲಯಾಳ, ತಮಿಳು, ಇಂಗ್ಲಿಷ್ ಇರಲಿ, ಅಂಕಿ ಮಾತ್ರ ದೂರಕ್ಕೆ ಕಾಣುವಷ್ಟು ದಪ್ಪವಾಗಿರಲಿ. ಭಾನುವಾರ ಸಂಜೆ ಅರಮನೆಯ ಸುಮಾರು 1 ಲಕ್ಷ ಬಲ್ಬು ಹೊತ್ತಿಕೊಂಡ ಮೇಲೆ ನಿನಗೆ ಸಿಗುವುದು ಒಂದು ಗಂಟೆಯೂ ಇಲ್ಲ, ಚೌಕಾಸಿಗೆ ಪುರುಸೊತ್ತೆಲ್ಲಿ? 30ಕ್ಕೆ ಗಿಟ್ಟದಿದ್ದರೆ ಎಲ್ಲರಿಗೂ 35 ಮಾಡು. ಈರುಳ್ಳಿ ರೇಟು ಗೊತ್ತಿರುವ ಊರಿನವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನೊಂದು ಮಾತು. ಕಲಸುವ ಮೊದಲು ಖಾರ ಎಷ್ಟು, ತೆಂಗಿನೆಣ್ಣೆ ಹಾಕಲಾ ಎಂದು ಕೇಳು. ಮಲಯಾಳಿಗಳಿಗೆ ಆ ಘಮ ಮನೆಯದೇ ಅನ್ನಿಸುತ್ತದೆ, ಉತ್ತರದಿಂದ ಬಂದ ಎಷ್ಟೋ ಜನಕ್ಕೆ ಒಗ್ಗುವುದಿಲ್ಲ. ಸುಮ್ಮನೆ ಸುರಿದರೆ ಒಂದು ತುತ್ತು ತಿಂದು ಪೊಟ್ಟಣ ಬಿಸಾಡುತ್ತಾರೆ. ಮಕ್ಕಳಿದ್ದರೆ ಖಾರ ಹಾಕುವ ಮುಂಚೆಯೇ ಒಂದು ಹಿಡಿ ಪುರಿ, ಕ್ಯಾರೆಟ್ ತುರಿ, ನಿಪ್ಪಟ್ಟಿನ ಚೂರು ಬೇರೆ ತೆಗೆದಿಡು. ತಾಯಂದಿರು ಅದನ್ನು ಮರೆಯುವುದಿಲ್ಲ, ನಾನು ಕಂಡಿದ್ದೇನೆ.

ಅಪ್ಪನ ಹೆಸರಿನಲ್ಲಿ ವ್ಯಾಪಾರದ ಪ್ರಮಾಣಪತ್ರ ಇತ್ತಾ? ನೀನು ಬರೆದಿಲ್ಲ, ಆದರೆ ನನಗೆ ಅದೇ ಚಿಂತೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ, ವ್ಯಾಪಾರಿ ತೀರಿಕೊಂಡರೆ ಆ ಪತ್ರದ ಅವಧಿ ಮುಗಿಯುವವರೆಗೆ ಮನೆಯವರೊಬ್ಬರು ಅದೇ ವ್ಯಾಪಾರ ಮುಂದುವರಿಸಬಹುದು. ಮೊದಲ ಹಕ್ಕು ನಿಮ್ಮಮ್ಮನದು, ಆಮೇಲೆ ಅಪ್ಪನನ್ನೇ ಆಶ್ರಯಿಸಿದ್ದ ಮಕ್ಕಳದು. ಅಪ್ಪನ ಪೆಟ್ಟಿಗೆಯಲ್ಲಿ ಹುಡುಕು. ಸಿಕ್ಕರೆ ಅಮ್ಮನನ್ನು ಕರೆದುಕೊಂಡು ಈ ವಾರವೇ ಪಾಲಿಕೆಗೆ ಹೋಗಿ ಬಾ.