ಬೆಲ್ಟ್ ಹೊಸದು, ಆದರೂ ಜಾರುತ್ತದೆ

ಪ್ರಶ್ನೆ: ನಾವು ಅಮೆರಿಕದ ಓಹಿಯೋ ರಾಜ್ಯದಲ್ಲಿದ್ದೇವೆ. ಮನೆ ಕೊಂಡಾಗ ಹಿಂದಿನವರು ಬಿಟ್ಟುಹೋದ ಹಳೆಯ ವ್ಯಾಕ್ಯೂಮ್ ಕ್ಲೀನರ್ ಒಂದು ನಮ್ಮಲ್ಲಿದೆ. ಉದ್ದನೆಯ ಹಿಡಿಕೆ ಹಿಡಿದು ನಿಂತುಕೊಂಡೇ ತಳ್ಳುವ ಮಾದರಿ. ಎತ್ತಿ ಹಿಡಿದರೆ ಅಡಿಯ ಬ್ರಷ್ ಚೆನ್ನಾಗಿ ತಿರುಗುತ್ತದೆ. ಕಾರ್ಪೆಟ್ ಮೇಲಿಟ್ಟ ಕೂಡಲೇ ನಿಂತುಹೋಗಿ ರಬ್ಬರ್ ಸುಟ್ಟ ವಾಸನೆ ಬರುತ್ತದೆ. ಬೆಲ್ಟ್ ಬದಲಾಯಿಸಿದೆವು, ಕೆಲವೇ ವಾರಗಳಲ್ಲಿ ಮತ್ತೆ ಅದೇ ಪಾಡು. ತವರಿನ ಹಿಟ್ಟಿನ ಗಿರಣಿಯನ್ನು ಕಂಡಿರುವ ನಮ್ಮ ಅತ್ತೆಯವರು ಬೆಲ್ಟಿಗೆ ರಾಳದ ಪುಡಿ ಹಚ್ಚಿ ನೋಡು ಎನ್ನುತ್ತಾರೆ. ಹಚ್ಚಬಹುದೇ, ಅಥವಾ ಯಂತ್ರವನ್ನು ಎಸೆದುಬಿಡುವುದೇ ಒಳ್ಳೆಯದೇ?

ಉತ್ತರ: ಎಸೆಯಬೇಡಿ, ರಾಳವನ್ನೂ ಹಚ್ಚಬೇಡಿ. ಹೊಸ ಬೆಲ್ಟ್ ಕೆಲವೇ ವಾರಗಳಲ್ಲಿ ಸೋತಿದೆ ಎಂದರೆ ಒಂದೋ ಅದು ತಿರುಗಿಸಬೇಕಾದ ಬ್ರಷ್ ಬಿಗಿಯಾಗಿದೆ, ಇಲ್ಲವೇ ತಂದ ಬೆಲ್ಟ್ ಆ ಯಂತ್ರದ ಅಳತೆಯದಲ್ಲ. ಈ ಕಾರಣವನ್ನು ಹುಡುಕದೆ ಇನ್ನೆಷ್ಟು ಬೆಲ್ಟ್ ಹಾಕಿದರೂ ಅವೂ ಹೀಗೆಯೇ ಸುಟ್ಟುಹೋಗುತ್ತವೆ.

ಈ ಬಗೆಯ ಯಂತ್ರ ರೂಪುಗೊಂಡದ್ದು ನಿಮ್ಮ ರಾಜ್ಯದಲ್ಲಿಯೇ. ಕ್ಯಾಂಟನ್ ಊರಿನ ಅಂಗಡಿಯೊಂದರಲ್ಲಿ ಕಸ ಗುಡಿಸುವ ಕೆಲಸದಲ್ಲಿದ್ದು, ಧೂಳಿನಿಂದ ಉಬ್ಬಸ ಪಡುತ್ತಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ 1908ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿ ಗಾಳಿ ಎಳೆಯುವ ಫ್ಯಾನ್ ಮತ್ತು ಕಸ ಕೆದಕುವ ಬ್ರಷ್ ಎರಡನ್ನೂ ಒಂದೇ ಮೋಟಾರ್ ತಿರುಗಿಸುತ್ತಿತ್ತು. ಆ ಏರ್ಪಾಟು ಇಂದಿಗೂ ಹೆಚ್ಚು ಬದಲಾಗಿಲ್ಲ. ಮೋಟಾರಿನ ತಿರುಗುವ ದಂಡವಾದ ಸಣ್ಣ ಶಾಫ್ಟ್‌ನಿಂದ ದಪ್ಪನೆಯ ಬ್ರಷ್ ರೋಲರ್‌ಗೆ ಚಪ್ಪಟೆ ರಬ್ಬರ್ ಬೆಲ್ಟ್ ಒಂದನ್ನು ಎಳೆದು ತೊಡಿಸಿರುತ್ತಾರೆ. ಅದನ್ನು ಬಿಗಿಗೊಳಿಸಲು ಸ್ಪ್ರಿಂಗ್ ಆಗಲಿ ತಿರುಪಾಗಲಿ ಸಾಮಾನ್ಯವಾಗಿ ಇರುವುದಿಲ್ಲ; ರಬ್ಬರಿನ ಸ್ವಂತ ಸೆಳೆತವೇ ಅದರ ಹಿಡಿತ. ಶಾಫ್ಟ್ ಸಣ್ಣದಾದ್ದರಿಂದ ಬೆಲ್ಟ್ ಅದನ್ನು ತಬ್ಬಿಕೊಳ್ಳುವ ಜಾಗವೂ ಕಡಿಮೆ. ಹಾಗಾಗಿ ಜಾರುವುದು ಬಹುಮಟ್ಟಿಗೆ ಮೋಟಾರಿನ ಕಡೆಯಲ್ಲಿಯೇ. ಆ ಶಾಫ್ಟ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಿರುವಾಗ ಬ್ರಷ್ ನಿಂತುಬಿಟ್ಟರೆ, ಬೆಲ್ಟಿನ ಒಂದೇ ಭಾಗ ಶಾಫ್ಟಿಗೆ ಉಜ್ಜುತ್ತಾ ಕಾಯುತ್ತದೆ. ನಿಮಗೆ ಬರುವ ವಾಸನೆ ಅದರದೇ.

ಮೊದಲು ಪ್ಲಗ್ ಕಿತ್ತು ಬದಿಗಿಡಿ. ಸ್ವಿಚ್ ಆರಿಸಿದರಷ್ಟೇ ಸಾಲದು. ಹಳೆಯ ಪತ್ರಿಕೆ ಹಾಸಿ, ಯಂತ್ರವನ್ನು ಮಗುಚಿ, ಅಡಿಯ ತಗಡನ್ನು ಬಿಚ್ಚಿ ಬೆಲ್ಟನ್ನು ಹೊರತೆಗೆಯಿರಿ. ಹಾಳಾದ ಬೆಲ್ಟನ್ನು ಕಸದ ಬುಟ್ಟಿಗೆ ಹಾಕುವ ಮೊದಲು ಬೆಳಕಿನಲ್ಲಿ ಹಿಡಿದು ನೋಡಬೇಕು, ಏಕೆಂದರೆ ರೋಗ ಅದರ ಮೇಲೆಯೇ ಬರೆದಿರುತ್ತದೆ. ಒಂದು ಕಡೆ ಮಾತ್ರ ತೆಳುವಾಗಿ, ಕರಗಿದಂತೆ ಹೊಳೆಯುತ್ತಿದ್ದರೆ ಬ್ರಷ್ ಎಲ್ಲೋ ಸಿಕ್ಕಿಕೊಂಡು ನಿಂತಿತ್ತು ಎಂದರ್ಥ. ಒಳಮೈ ಸುತ್ತಲೂ ಗಾಜಿನಂತೆ ನುಣುಪಾಗಿ, ಹೊಸದರ ಪಕ್ಕ ಇಟ್ಟಾಗ ಉದ್ದವಾಗಿ ಕಂಡರೆ ಹಿಗ್ಗಿ ದಣಿದಿದೆ. ಅಂಚಿನ ಎಳೆ ಬಿಟ್ಟು ಹರಿದಿದ್ದರೆ ಬೆಲ್ಟ್ ತನ್ನ ದಾರಿಯಲ್ಲಿ ನಡುವೆ ಕೂರದೆ ಪಕ್ಕದ ಗೋಡೆಗೆ ಉಜ್ಜಿದೆ. ನಿಮ್ಮದು ಮೊದಲನೆಯ ಬಗೆಯದಿರಬೇಕೆಂದು ನನ್ನ ಊಹೆ.

ಬೆಲ್ಟ್ ಇಲ್ಲದಿರುವಾಗ ಬ್ರಷ್ ರೋಲರನ್ನು ಬೆರಳಿನಿಂದ ಒಮ್ಮೆ ಜೋರಾಗಿ ತಿರುಗಿಸಿ. ಸದ್ದಿಲ್ಲದೆ ಹಲವು ಸುತ್ತು ಹಾಕಿ ನಿಂತರೆ ಸರಿಯಾಗಿದೆ. ಅರ್ಧ ಸುತ್ತಿಗೇ ನಿಂತರೆ ಅಥವಾ ಕರಕರ ಎಂದರೆ ತೊಂದರೆ ಅಲ್ಲಿದೆ. ಬಹುತೇಕ ಮನೆಗಳಲ್ಲಿ ಇದಕ್ಕೆ ಕಾರಣ ಕೂದಲು. ರೋಲರಿನ ನಡುವೆ ಸುತ್ತಿಕೊಂಡ ಕೂದಲು ಕಣ್ಣಿಗೆ ಬೀಳುತ್ತದೆ, ಅದನ್ನು ಎಲ್ಲರೂ ತೆಗೆಯುತ್ತಾರೆ. ಎರಡೂ ತುದಿಗಳ ಮುಚ್ಚಳದೊಳಗೆ ನುಗ್ಗಿ, ಬೇರಿಂಗಿನ ಸುತ್ತ ಹಗ್ಗದಂತೆ ಬಿಗಿದುಕೊಂಡ ಕೂದಲು ಮತ್ತು ದಾರ ಕಾಣುವುದಿಲ್ಲ. ರೋಲರನ್ನು ಪೂರ್ತಿ ಹೊರತೆಗೆದು, ತುದಿಯ ಮುಚ್ಚಳ ಬಿಚ್ಚಿ, ಆ ಸುತ್ತನ್ನು ಚಿಕ್ಕ ಕತ್ತರಿಯಿಂದ ಅಡ್ಡಲಾಗಿ ಕತ್ತರಿಸಿ ಚಿಮಟದಿಂದ ಎಳೆಯಬೇಕು. ಬೇರಿಂಗ್ ತೆರೆದ ಬುಷ್ (ಒಳಗೆ ಗುಂಡುಗಳಿಲ್ಲದ ಬರಿಯ ಬಳೆ) ಆಗಿದ್ದರೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು, ಹೆಚ್ಚಾದದ್ದನ್ನು ಒರೆಸಿಬಿಡಿ. ಮುಚ್ಚಿದ ಬೇರಿಂಗ್ ಕರಕರ ಎನ್ನುತ್ತಿದ್ದರೆ ಎಣ್ಣೆಯಿಂದ ಪ್ರಯೋಜನವಿಲ್ಲ, ಅದನ್ನು ಅಥವಾ ಇಡೀ ರೋಲರನ್ನು ಬದಲಿಸಬೇಕು. ಬೆಲ್ಟ್ ಕೂರುವ ಪಟ್ಟಿಯನ್ನೂ ಉಗುರಿನಿಂದ ತಡವಿ ನೋಡಿ. ಪ್ಲಾಸ್ಟಿಕ್ ರೋಲರುಗಳಲ್ಲಿ ಬೆಲ್ಟ್ ಜಾರಿದ ಬಿಸಿಗೆ ಆ ಜಾಗ ಕರಗಿ ಏರುತಗ್ಗಾಗಿರುತ್ತದೆ; ಅಂಥ ರೋಲರ್ ಹೊಸ ಬೆಲ್ಟನ್ನೂ ತಿನ್ನುತ್ತದೆ.

ಅನಂತರ ಮೋಟಾರ್ ಶಾಫ್ಟ್. ಕರಗಿದ ರಬ್ಬರ್ ಅದರ ಮೇಲೆ ಕಪ್ಪಗೆ ಅಂಟಿ ಗಟ್ಟಿಯಾಗಿದ್ದರೆ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತುಸು ನೆನೆಸಿದ ಬಟ್ಟೆಯಿಂದ ಶುದ್ಧ ಲೋಹ ಕಾಣುವವರೆಗೆ ಒರೆಸಿ, ಪೂರ್ತಿ ಒಣಗಲು ಬಿಡಿ. ಇಲ್ಲಿಗೆ ಎಣ್ಣೆ ತಾಗಬಾರದು.

ರಾಳದ ವಿಷಯಕ್ಕೆ ಬಂದರೆ, ನಿಮ್ಮ ಅತ್ತೆಯವರು ಕಂಡದ್ದು ಸುಳ್ಳಲ್ಲ. ಗಿರಣಿಗಳ ಅಗಲವಾದ ಪಟ್ಟಾ ಜಾರಿದಾಗ ರಾಳ ಹಾಕುವ ರೂಢಿ ಇದ್ದೇ ಇದೆ. ಆದರೆ ಧೂಳನ್ನೇ ಎಳೆದುಕೊಳ್ಳುವ ಯಂತ್ರದೊಳಗೆ ಅಂಟುಪುಡಿ ಹಾಕಿದರೆ, ಒಂದೆರಡು ದಿನ ಹಿಡಿತ ಬಂದಂತೆ ಕಂಡು, ಆಮೇಲೆ ಧೂಳು ಮೆತ್ತಿಕೊಂಡು ಬೆಲ್ಟ್ ಮೊದಲಿಗಿಂತ ಹೆಚ್ಚು ಜಾರುತ್ತದೆ. ಹಿಗ್ಗಿದ ಬೆಲ್ಟನ್ನು ಕತ್ತರಿಸಿ ಅಂಟಿಸುವುದೂ ಬೇಡ.

ಹೊಸ ಬೆಲ್ಟ್ ತರುವಾಗ ಯಂತ್ರದ ಮಾದರಿ ಸಂಖ್ಯೆಯನ್ನು ಬರೆದುಕೊಂಡು ಹೋಗಿ. ಎಲ್ಲ ಯಂತ್ರಗಳಿಗೂ ಆಗುತ್ತದೆಂದು ಮಾರುವ ಬೆಲ್ಟುಗಳನ್ನು ನಾನು ನಂಬುವುದಿಲ್ಲ. ತುಸು ಸಡಿಲವಾದದ್ದು ಜಾರುತ್ತದೆ, ತೀರ ಬಿಗಿಯಾದದ್ದು ಮೋಟಾರಿನ ಬೇರಿಂಗನ್ನು ಸವೆಸುತ್ತದೆ. ವರ್ಷಗಟ್ಟಲೆ ಡ್ರಾಯರಿನಲ್ಲಿ ಬಿದ್ದಿದ್ದ ಬೆಲ್ಟ್ ಬಳಸದಿದ್ದರೂ ಗಟ್ಟಿಯಾಗಿ ಬಿರುಕು ಬಿಟ್ಟಿರಬಹುದು. ಹಲವು ಹಳೆಯ ಯಂತ್ರಗಳಲ್ಲಿ ಶಾಫ್ಟ್ ಮತ್ತು ರೋಲರ್ ಒಂದಕ್ಕೊಂದು ಅಡ್ಡಲಾಗಿರುವುದರಿಂದ ಬೆಲ್ಟನ್ನು ಕಾಲು ಸುತ್ತು ತಿರುಚಿ ಹಾಕಬೇಕಾಗುತ್ತದೆ, ತಿರುಚು ತಪ್ಪಿದರೆ ಬ್ರಷ್ ಹಿಂದುಮುಂದಾಗಿ ತಿರುಗುತ್ತದೆ. ಅಡಿಯಲ್ಲಿ ಬಾಣದ ಗುರುತಿದ್ದರೆ ಅದನ್ನು ಅನುಸರಿಸಿ. ಇಲ್ಲದಿದ್ದರೆ ಕಾರ್ಪೆಟ್ ಮೇಲೆ ನಡೆಸಿ ನೋಡಿ: ಸರಿಯಾಗಿ ಕೂತಿದ್ದರೆ ಯಂತ್ರ ತಾನಾಗಿಯೇ ತುಸು ಮುಂದಕ್ಕೆ ಎಳೆಯುತ್ತದೆ, ತಪ್ಪಿದ್ದರೆ ಕಸವನ್ನು ಮುಂದಕ್ಕೆ ಎರಚುತ್ತದೆ.

ಇಷ್ಟಾದ ಮೇಲೂ ಕಾರ್ಪೆಟ್ ಮೇಲೆ ಮಾತ್ರ ನಿಂತುಹೋಗುವುದಾದರೆ ಬ್ರಷ್ಷನ್ನು ನೆಲದಿಂದ ಏರಿಸಿ ಇಳಿಸುವ ಎತ್ತರದ ಗುಂಡಿಯನ್ನು ನೋಡಿ. ದಟ್ಟ ಎಳೆಯ ಮೃದುವಾದ ಕಾರ್ಪೆಟಿನಲ್ಲಿ ಬ್ರಷ್ ಹೂತುಹೋದರೆ ಯಾವ ಬೆಲ್ಟೂ ಅದನ್ನು ತಿರುಗಿಸಲಾರದು. ಗುಂಡಿಯನ್ನು ಅತಿ ಎತ್ತರಕ್ಕೆ ಇಟ್ಟು ಚಾಲೂ ಮಾಡಿ, ಒಂದೊಂದೇ ಹಂತ ಇಳಿಸುತ್ತಾ ಬನ್ನಿ. ಬ್ರಷ್ ಎಳೆಗಳ ತುದಿಗೆ ತಾಗಿದೊಡನೆ ಸದ್ದು ಬದಲಾಗುತ್ತದೆ. ಅಲ್ಲಿಗೇ ನಿಲ್ಲಿಸಿ, ಅದಕ್ಕಿಂತ ಕೆಳಗೆ ಇಳಿಸಬೇಡಿ.

ಪ್ರಶ್ನೆ: ಮೈಸೂರಿನಲ್ಲಿರುವ ನಮ್ಮ ಮನೆಯದು ಉದ್ದ ಕೊಳವೆಯ, ನೆಲದ ಮೇಲೆ ಎಳೆದಾಡುವ ವ್ಯಾಕ್ಯೂಮ್ ಕ್ಲೀನರ್. ಅದರ ತಿರುಗುವ ಬ್ರಷ್ ಜಮಖಾನೆಯ ಮೇಲೆ ನಿಂತುಬಿಡುತ್ತದೆ. ಇದಕ್ಕೂ ಬೆಲ್ಟ್ ಹಾಕಿಸಬೇಕೇ?

ಉತ್ತರ: ಅವಸರ ಬೇಡ. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಈ ಮಾದರಿಯಲ್ಲಿ ಮೋಟಾರಿಗೂ ಬ್ರಷ್ಷಿಗೂ ನೇರ ಸಂಬಂಧವಿರುವುದಿಲ್ಲ. ಕೊಳವೆಯಲ್ಲಿ ವಿದ್ಯುತ್ ತಂತಿ ಇಲ್ಲದಿದ್ದರೆ, ಒಳಗೆ ಹರಿಯುವ ಗಾಳಿಯೇ ಚಿಕ್ಕ ಚಕ್ರವೊಂದನ್ನು ತಿರುಗಿಸಿ, ಅದರಿಂದ ಹಲ್ಲುಳ್ಳ ಸಣ್ಣ ಬೆಲ್ಟಿನ ಮೂಲಕ ಬ್ರಷ್ ತಿರುಗುತ್ತದೆ. ಗಾಳಿ ಕಡಿಮೆಯಾದರೆ ಬ್ರಷ್ ಸೋಲುತ್ತದೆ. ಧೂಳಿನ ಚೀಲವನ್ನು ಖಾಲಿ ಮಾಡಿ, ಫಿಲ್ಟರನ್ನು ಕೊಡವಿ, ಕೊಳವೆಯಲ್ಲಿ ಏನಾದರೂ ಸಿಕ್ಕಿಕೊಂಡಿದೆಯೇ, ಎಲ್ಲಾದರೂ ಸೀಳಿದೆಯೇ ಎಂದು ಪರೀಕ್ಷಿಸಿ, ಬ್ರಷ್ಷಿನ ಕೂದಲು ತೆಗೆಯಿರಿ. ಹಿಡಿಕೆಯಲ್ಲಿ ಗಾಳಿ ಬಿಡುವ ಕಿಂಡಿ ಇದ್ದರೆ ಅದನ್ನು ಪೂರ್ತಿ ಮುಚ್ಚಿ. ಇಷ್ಟು ಮಾಡಿದರೂ ಗಾಳಿಚಕ್ರ ತಿರುಗುತ್ತಿದ್ದು ಬ್ರಷ್ ಮಾತ್ರ ಅಲುಗದಿದ್ದರೆ, ಆಗ ಬೆಲ್ಟಿನ ಹಲ್ಲು ಸವೆದಿದೆ ಎಂದು ತಿಳಿದು, ಹಳೆಯದನ್ನೇ ಮಾದರಿಗೆ ಕೊಂಡೊಯ್ದು ಅಷ್ಟೇ ಅಗಲದ, ಅಷ್ಟೇ ಹಲ್ಲುಗಳ ಬೆಲ್ಟ್ ತನ್ನಿ.