ವೆನಿಸ್‌ನ ಮನೆ ನಂಬರು, ಅಮ್ಮನ ಮಂಡಿ ನೋವು

ಪ್ರಶ್ನೆ: ಮೇ ತಿಂಗಳಲ್ಲಿ ಅಮ್ಮನನ್ನು ಎರಡು ದಿನ ವೆನಿಸ್‌ಗೆ ಕರೆದುಕೊಂಡು ಹೋಗುತ್ತಿದ್ದೇನೆ. ಅಮ್ಮನಿಗೆ 68 ವರ್ಷ, ಮಂಡಿ ನೋವು. ಅಲ್ಲಿ ಕಾರು, ಆಟೊ ಏನೂ ಇಲ್ಲವಂತೆ. ಸುತ್ತಾಡಿಸುವುದು ಹೇಗೆ? ಮೊಬೈಲ್ ಮ್ಯಾಪ್ ನಂಬಬಹುದಾ? – ಓದುಗರು, ಶಿವಮೊಗ್ಗ

ನಿಜ, ಆಟೊ ಇಲ್ಲ. ಸೈಕಲ್ ಕೂಡ ಓಡಿಸುವ ಹಾಗಿಲ್ಲ. ರೈಲ್ವೆ ಸ್ಟೇಷನ್ನಿನಿಂದ ಹೊರಗೆ ಬಂದು ಮೆಟ್ಟಿಲಿಳಿದರೆ ಎದುರಿಗೆ ರಸ್ತೆಯಲ್ಲ, ನೀರು. ಮಗಳು ಪಕ್ಕದ ಪಡುವಾ ಊರಿನಲ್ಲಿರುವುದರಿಂದ ನಾನು ಮೂರು ಸಲ ಹೋಗಿ ಬಂದಿದ್ದೇನೆ. ಆ ಮೆಟ್ಟಿಲ ಮೇಲೆ ನಿಂತಾಗ ಮೂರು ಸಲವೂ ಬಾಯಿ ತೆರೆದಿದ್ದೇನೆ.

ಆ ಊರಿನಲ್ಲಿ ನಾನೂರಕ್ಕೂ ಜಾಸ್ತಿ ಸೇತುವೆಗಳಿವೆ. ಕೆಳಗೆ ದೋಣಿ ನುಸುಳಬೇಕಲ್ಲ, ಹಾಗಾಗಿ ಹೆಚ್ಚಿನವು ಗೂನು ಬೆನ್ನಿನವು. ಹತ್ತಿ ಇಳಿಯಲು ಮೆಟ್ಟಿಲು. ಹೋಟೆಲ್ ಬುಕ್ ಮಾಡುವಾಗ ಸ್ಟಾರ್ ಎಷ್ಟು ಅಂತ ಆಮೇಲೆ ನೋಡಿ. ಮೊದಲು ಕೇಳಬೇಕಾದ್ದು ಒಂದೇ: ದೋಣಿ ನಿಲ್ದಾಣದಿಂದ ನಿಮ್ಮ ಬಾಗಿಲಿಗೆ ಎಷ್ಟು ಸೇತುವೆ? 'ಬರೀ ಐದು ನಿಮಿಷ' ಅಂದರೆ ಒಪ್ಪಬೇಡಿ. ಆ ಐದು ನಿಮಿಷದಲ್ಲಿ ಮೂರು ಸೇತುವೆ ಇರಬಹುದು, ಕೈಯಲ್ಲಿ ಸೂಟ್‌ಕೇಸ್ ಬೇರೆ.

ಅಮ್ಮನಿಗೆ ವಪೊರೆಟ್ಟೊ ಸರಿ. ಅದು ನೀರಿನ ಸಿಟಿ ಬಸ್ ಅಂದುಕೊಳ್ಳಿ. ನಾನು ಕೊನೆಯ ಸಲ ಹೋದಾಗ ಒಂದು ಟಿಕೆಟ್ಟಿಗೆ ಒಂಬತ್ತೂವರೆ ಯೂರೊ ಇತ್ತು. 75 ನಿಮಿಷದಲ್ಲಿ ಅದರ ಅವಧಿ ಮುಗಿಯುತ್ತದೆ. 24 ಗಂಟೆಯ ಪಾಸ್‌ಗೆ 25 ಯೂರೊ. ಮೂರು ಸಲ ಹತ್ತಿದರೂ ಪಾಸೇ ಲಾಭ. ಒಂದನೇ ನಂಬರಿನದು ದೊಡ್ಡ ಕಾಲುವೆಯುದ್ದಕ್ಕೂ ನಿಲ್ಲುತ್ತಾ ಹೋಗುತ್ತದೆ. ನಿಧಾನ, ಆದರೆ ಅಮ್ಮ ಕೂತಲ್ಲೇ ಅರ್ಧ ವೆನಿಸ್ ನೋಡಿರುತ್ತಾರೆ.

ಈಗ ಮ್ಯಾಪ್ ವಿಷಯ. ಕೆಲವು ಓಣಿಗಳಲ್ಲಿ ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ಅಲ್ಲಿ ಮೊಬೈಲಿನ ನೀಲಿ ಚುಕ್ಕೆ ನಮ್ಮನ್ನು ಪಕ್ಕದ ಕಾಲುವೆಯೊಳಗೆ ನಿಲ್ಲಿಸಿರುತ್ತದೆ. ವಿಳಾಸ ಹಿಡಿದು ಹುಡುಕೋಣ ಅಂದರೆ ಅದು ಇನ್ನೂ ಮಜಾ. 31 ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದವಳು ನಾನು, ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆದರೆ ಕ್ಷಮಿಸಿ. ವೆನಿಸ್‌ನಲ್ಲಿ ಮನೆ ನಂಬರು ಬೀದಿಗೆ ಸೇರಿದ್ದಲ್ಲ, ಬಡಾವಣೆಗೆ ಸೇರಿದ್ದು. ಇಡೀ ಊರಿಗೆ ಆರು ಬಡಾವಣೆ. ಒಂದೊಂದರಲ್ಲೂ ನಂಬರು ಒಂದರಿಂದ ಶುರುವಾಗಿ ಓಣಿಯಿಂದ ಓಣಿಗೆ ಹರಿಯುತ್ತಾ ಸಾವಿರಗಟ್ಟಲೆ ಹೋಗುತ್ತದೆ. ಕ್ಯಾಸ್ಟೆಲ್ಲೊ ಎಂಬಲ್ಲಿ ಆರು ಸಾವಿರ ದಾಟಿದೆ. ಲಕೋಟೆಯ ಮೇಲೆ ಬಡಾವಣೆ ಮತ್ತು ನಂಬರು ಅಷ್ಟೇ ಇದ್ದರೂ ಕಾಗದ ತಲುಪುತ್ತದೆ. ಒಂದು ಬೆಳಿಗ್ಗೆ ಒಬ್ಬ ಪೋಸ್ಟ್‌ಮ್ಯಾನ್ ಕೈಗಾಡಿ ಎಳೆದುಕೊಂಡು ಸೇತುವೆ ಹತ್ತುತ್ತಿದ್ದ. ಒಂದೊಂದು ಮೆಟ್ಟಿಲಿಗೂ ಗಾಡಿ ಟಕ್ ಟಕ್. ಸುಮ್ನೆ ಹಿಂದೆಯೇ ಹೋದೆ. ನಾಲ್ಕು ಬಾಗಿಲು ಆದ ಮೇಲೆ ಆತ ತಿರುಗಿ ನೋಡಿದ. ನಾನು ಎದೆ ಮುಟ್ಟಿಕೊಂಡು 'ಪೋಸ್ಟಾ, ಇಂಡಿಯಾ' ಅಂದೆ. ನಕ್ಕು, ತನ್ನ ಮಂಡಿ ತಟ್ಟಿ ತೋರಿಸಿದ. ಶಿವಮೊಗ್ಗದ ನಿಮ್ಮ ಅಮ್ಮನಿಗೆ ಅದರ ಅರ್ಥ ಆಗುತ್ತದೆ.

ನಮಗೆ ಬೇಕಾದ್ದು ಗೋಡೆಯ ಮೇಲಿದೆ. ಮೂಲೆಗಳಲ್ಲಿ 'ಪೆರ್ ರಿಯಾಲ್ಟೊ' (ರಿಯಾಲ್ಟೊ ಸೇತುವೆ ಕಡೆಗೆ), 'ಪೆರ್ ಸಾನ್ ಮಾರ್ಕೊ' (ಸಾನ್ ಮಾರ್ಕೊ ಚೌಕದ ಕಡೆಗೆ) ಅಂತ ಬಾಣದ ಗುರುತು ಇರುತ್ತದೆ. 'ಫೆರೋವಿಯಾ' ಅಂದರೆ ರೈಲು. ಆ ಪದ ಒಂದು ಕಲಿತರೆ ವಾಪಸ್ ಬರುವ ಚಿಂತೆ ಇಲ್ಲ. ಕೆಲವು ಕಡೆ ಒಂದೇ ಹೆಸರಿಗೆ ಎಡಕ್ಕೂ ಬಲಕ್ಕೂ ಬಾಣ ಇರುತ್ತದೆ. ತಮಾಷೆಯಲ್ಲ, ಎರಡೂ ಕಡೆಯಿಂದ ಹೋಗಬಹುದು.

ನಡುನಡುವೆ 'ಕ್ಯಾಂಪೊ' ಅನ್ನುವ ಬಯಲು ಸಿಗುತ್ತದೆ. ಕ್ಯಾಂಪೊ ಅಂದರೆ ಹೊಲ. ಒಂದು ಕಾಲಕ್ಕೆ ಅಲ್ಲಿ ಹುಲ್ಲು ಬೆಳೆಯುತ್ತಿತ್ತು. ಅಮ್ಮನನ್ನು ಅಲ್ಲಿ ಬೆಂಚಿನ ಮೇಲೆ ಕೂರಿಸಿ ಬಾವಿಕಟ್ಟೆ ತೋರಿಸಿ. ಸುತ್ತ ಉಪ್ಪು ನೀರಿದ್ದೂ ಕುಡಿಯುವ ನೀರಿಲ್ಲದ ಊರು ಅದು. ಬಯಲಿನ ಅಡಿ ಅಗೆದು, ಜೇಡಿಮಣ್ಣು ಮೆತ್ತಿ, ಮರಳು ತುಂಬುತ್ತಿದ್ದರು. ನೆಲಹಾಸಿನ ಕಲ್ಲುಗಳ ತೂತುಗಳಿಂದ ಮಳೆ ನೀರು ಇಳಿದು, ಮರಳಿನಲ್ಲಿ ಸೋಸಿ, ನಡುವಿನ ಬಾವಿಗೆ ಬರುತ್ತಿತ್ತು. 1884ರಲ್ಲಿ ಆಚೆ ದಡದಿಂದ ಪೈಪಿನಲ್ಲಿ ನೀರು ಬಂದ ಮೇಲೆ ಬಾವಿಗಳಿಗೆ ಮುಚ್ಚಳ ಬಿತ್ತು. ಈಗ ಬೀದಿ ನಲ್ಲಿಗಳಿವೆ, ನೀರು ಕುಡಿಯಬಹುದು. ಬಾಟಲಿ ಹಿಡಿದುಕೊಂಡು ಹೋಗಿ.

ಮಗಳು ಕಟ್ಟಿಕೊಟ್ಟ ಪುಳಿಯೋಗರೆಯನ್ನು ನಾನು ಸಾನ್ ಮಾರ್ಕೊ ಚೌಕದ ಮೆಟ್ಟಿಲ ಮೇಲೆ ಬಿಚ್ಚಿದ್ದೆ. ಎರಡನೇ ತುತ್ತಿಗೆ ಒಬ್ಬರು ಬಂದು ಎಬ್ಬಿಸಿದರು. ಅಲ್ಲಿ ನೆಲದಲ್ಲಿ ಕೂತು ತಿನ್ನುವ ಹಾಗಿಲ್ಲ, ದಂಡ ಹಾಕುತ್ತಾರೆ. ನೀವು ಬೆಂಚು ಹುಡುಕಿಕೊಳ್ಳಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಪಾಸ್ತಾ, ಪಿಜ್ಜಾ ತಿಂದು ಕಳೆಯಬಹುದಲ್ಲವೇ? – ಓದುಗರು, ಬೆಂಗಳೂರು

ಕಳೆಯಬಹುದು, ಆದರೆ 'ಬಿಗೊಲಿ ಇನ್ ಸಾಲ್ಸಾ' ನೋಡಿ ಮೋಸ ಹೋಗಬೇಡಿ. ಸಾಲ್ಸಾ ಅಂದರೆ ಟೊಮೆಟೊ ಗೊಜ್ಜು ಅಂದುಕೊಂಡು ನಾನೇ ಆರ್ಡರ್ ಮಾಡಿದೆ. ಬಂದದ್ದು ದಪ್ಪ ಶಾವಿಗೆ, ಕಂದು ಬಣ್ಣದ ಈರುಳ್ಳಿ. ಮೀನಿನ ಗುರುತೇ ಇಲ್ಲ. ಉಪ್ಪು ಹಾಕಿದ ಸಣ್ಣ ಮೀನನ್ನು ಈರುಳ್ಳಿ ಜೊತೆ ಕರಗುವ ತನಕ ಬೇಯಿಸಿರುತ್ತಾರೆ. 'ಸೆನ್ಸಾ ಕಾರ್ನೆ, ಸೆನ್ಸಾ ಪೆಶೆ' ಅಂತ ಹೇಳಿ, ಮಾಂಸ ಬೇಡ, ಮೀನು ಬೇಡ ಅಂತ ಅರ್ಥ. ಪಿಜ್ಜಾ ಮರಿನಾರಾ ಅನ್ನುವುದು ಹೆಸರಿಗೆ ಸಮುದ್ರದ್ದು. ಸಾಮಾನ್ಯವಾಗಿ ಅದರಲ್ಲಿ ಟೊಮೆಟೊ, ಬೆಳ್ಳುಳ್ಳಿ ಬಿಟ್ಟರೆ ಹೆಚ್ಚೇನಿಲ್ಲ. ಕಾಫಿ ನಿಂತು ಕುಡಿಯಿರಿ. ಕೂತರೆ ಕುರ್ಚಿಗೂ ದುಡ್ಡು.

ಪ್ರಶ್ನೆ: ಗೊಂಡೋಲಾ ಹತ್ತಲೇಬೇಕಾ? – ಓದುಗರು, ಹುಬ್ಬಳ್ಳಿ

ಅರ್ಧ ಗಂಟೆಗೆ 90 ಯೂರೊ, ರಾತ್ರಿ ಇನ್ನೂ ಜಾಸ್ತಿ. ಅದು ಪೂರ್ತಿ ದೋಣಿಗೆ, ಐದು ಜನ ಕೂರಬಹುದು. ನಾನು ಹತ್ತಿಲ್ಲ. ದೊಡ್ಡ ಕಾಲುವೆಯನ್ನು ಒಂದು ದಡದಿಂದ ಇನ್ನೊಂದು ದಡಕ್ಕೆ ದಾಟಿಸುವ 'ತ್ರಗೆತ್ತೊ' ಹತ್ತಿದೆ. ಅದೂ ಗೊಂಡೋಲಾ ತರಹದ್ದೇ, ಎರಡು ಯೂರೊ, ಎರಡು ನಿಮಿಷ. ನನಗೆ ಸಾಕಾಯಿತು.

ಪ್ರಶ್ನೆ: ವಿಜಯನಗರಕ್ಕೆ ಬಂದಿದ್ದ ನಿಕೊಲೊ ಕಾಂಟಿ ವೆನಿಸ್‌ನವನಂತೆ. ಅವನ ಊರು ನೋಡಬಹುದಾ? – ಓದುಗರು, ಹೊಸಪೇಟೆ

ನೋಡಬಹುದು. ಈ ಪ್ರಶ್ನೆ ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದೆ! ಕಾಂಟಿ ವೆನಿಸ್ ರಾಜ್ಯದ ವ್ಯಾಪಾರಿ. ಊರು ಅಲ್ಲೇ ಹಿನ್ನೀರಿನ ದಕ್ಷಿಣ ತುದಿಯ ಕಿಯೊಜ್ಜಾ. 1420ರ ಸುಮಾರಿಗೆ ನಿಮ್ಮ ಕಡೆ ಬಂದಿದ್ದ. ದೂರದೇಶಗಳಲ್ಲೇ ಸುಮಾರು 25 ವರ್ಷ ಕಳೆದು, ತಿರುಗಿ ಹೋದ ಮೇಲೆ ಕಥೆ ಹೇಳಿದ. ಬರೆದುಕೊಂಡವನು ಪೋಪ್‌ನ ಕಾರ್ಯದರ್ಶಿ ಪೊಜ್ಜೊ ಬ್ರಾಚೊಲೀನಿ. ವಿಜಯನಗರದ ಸುತ್ತಳತೆ 60 ಮೈಲಿ, ಕೋಟೆ ಗೋಡೆ ಬೆಟ್ಟದ ತನಕ ಹತ್ತಿದೆ ಅಂತ ಅದರಲ್ಲಿದೆ. ಗುಡಿಗಳ ಒಳಗೆ, ಮಾಡಿನ ಮೇಲೆ ಹಗಲೂ ರಾತ್ರಿ ಉರಿಯುವ ಲೆಕ್ಕವಿಲ್ಲದಷ್ಟು ಎಣ್ಣೆ ದೀಪಗಳ ಹಬ್ಬವೂ ಇದೆ. ದೀಪಾವಳಿಯೇ ಅಲ್ವಾ?

ಕಿಯೊಜ್ಜಾದಲ್ಲೂ ಕಾಲುವೆ, ಸೇತುವೆ ಇವೆ, ಪ್ರವಾಸಿಗರು ಕಡಿಮೆ. ಬೆಳಿಗ್ಗೆ ಮೀನು ಮಾರ್ಕೆಟ್ ಜೋರು, ಸಸ್ಯಾಹಾರಿಗಳು ಮೂಗು ಮುಚ್ಚಿಕೊಂಡು ದಾಟಿ. ಹೋಗುವ ದಾರಿಯೇ ಚೆನ್ನ. ವಪೊರೆಟ್ಟೊದಲ್ಲಿ ಲಿಡೊ ದ್ವೀಪಕ್ಕೆ ಹೋಗಿ 11ನೇ ನಂಬರಿನ ಬಸ್ ಹತ್ತಿ. ದ್ವೀಪ ಮುಗಿದ ಕಡೆ ಎಲ್ಲರೂ ಕೂತಿರುವಾಗಲೇ ಬಸ್ಸು ಸೀದಾ ದೊಡ್ಡ ದೋಣಿಯೊಳಗೆ ಹೋಗಿ ನಿಲ್ಲುತ್ತದೆ. ನಾನು ಗಾಬರಿಯಾಗಿ ಚೀಲ ಎತ್ತಿಕೊಂಡು ಎದ್ದಿದ್ದೆ. ನೀವು ಏಳಬೇಡಿ. ಆಚೆ ದಡದಲ್ಲಿ ಬಸ್ಸು ಇಳಿದು ಪೆಲ್ಲೆಸ್ಟ್ರಿನಾ ತುದಿಯ ತನಕ ಓಡುತ್ತದೆ. ಅಲ್ಲಿಂದ ಕಿಯೊಜ್ಜಾಕ್ಕೆ ಇನ್ನೊಂದು ದೋಣಿ.